ಮೂಲೆಯ ಕುರ್ಚಿಯಿಂದ

ಕೋಸ್ ದ್ವೀಪದ ಹೋಟೆಲು, ಎರಡನೆಯ ಮಹಡಿ.
ಮದುವೆಯೂಟದ ಮೇಜುಗಳನ್ನು ಗೋಡೆಗೆ ಒರಗಿಸಿ
ಇಂಗ್ಲಿಷ್ ಪರೀಕ್ಷೆಗೆ ಜಾಗ ಮಾಡಿದ್ದಾರೆ.
ಪ್ರಶ್ನೆ ಕೇಳುವವಳು ದೆಸ್ಪಿನಾ. ನಾನು ಮೂಲೆಯವಳು.
ಹಲೋ ಅಂದಮೇಲೆ ತುಟಿ ಬಿಚ್ಚುವಂತಿಲ್ಲ,
ಶಭಾಷ್ ಎಂದು ಕಣ್ಣಲ್ಲೂ ಅನ್ನುವಂತಿಲ್ಲ.
ನಾಲ್ಕು ಮನೆಗಳ ಹಾಳೆ, ಒಂದು ಪೆನ್ಸಿಲ್ಲು.
ಮೂವತ್ತೊಂದು ವರ್ಷ ಪಾಠ ಹೇಳಿದ ಬಾಯಿಗೆ
ಇದು ಉಪವಾಸದ ಹಾಗೆ.

ಬೆಳಗಿನ ಹಡಗಿಗೆ ಕಾಲಿಮ್ನೋಸಿನಿಂದ ಬಂದವಳು ಥೆಮೆಲೀನಾ.
ಹದಿಮೂರು. ಅಲೆ ಸಿಡಿದು ಒಂದು ತೋಳು ಒದ್ದೆ.
ಪಕ್ಕದಲ್ಲಿ ಲೇರೋಸಿನ ಹುಡುಗ, ಇಸಿಡೋರೋಸ್;
ಪರಿಚಯವಾಗಿ ಆರು ನಿಮಿಷ.
ಅವನಿಗೆ ಬಸ್ ನಿಲ್ದಾಣದ ಚಿತ್ರ.
"ಮುಂಭಾಗದಲ್ಲಿ ನನಗೆ ಕಾಣುವುದು, ಹಿನ್ನೆಲೆಯಲ್ಲಿ ನನಗೆ ಕಾಣುವುದು"
ಟ್ಯೂಷನ್ನಿನಲ್ಲಿ ಇಸ್ತ್ರಿ ಹಾಕಿಸಿಕೊಂಡು ಬಂದ ವಾಕ್ಯಗಳನ್ನು
ಒಂದರ ಮೇಲೊಂದು ಮಡಚಿಟ್ಟ.
ಒಂದು ನಿಮಿಷ. ಥ್ಯಾಂಕ್ಯೂ.

ಅವಳಿಗೆ ಅಡುಗೆಮನೆ.
ಅಪ್ಪ ತಟ್ಟೆ ತೊಳೆಯುತ್ತಿದ್ದಾನೆ, ಮಗಳು ಒರೆಸುತ್ತಿದ್ದಾಳೆ,
ಕಿಟಕಿ ಇದೆ, ಬೆಕ್ಕು ಇದೆ, ಬೆಕ್ಕಿಗೆ ಬೇಜಾರು.
ಅಪ್ಪನ ಕೈಯಲ್ಲಿ
ಅಪ್ಪನ ಕೈಯಲ್ಲಿ
ನಿಂತಳು.
ಗೋಡೆ ಗಡಿಯಾರ ಐದು ಹೆಜ್ಜೆ ನಡೆಯಿತು.
ಪದ ನನ್ನ ನಾಲಗೆಯ ತುದಿಯಲ್ಲಿತ್ತು, ಅವಳದರಲ್ಲಿ ಅಲ್ಲ.

ಆಮೇಲೆ, ಧುಮುಕುವ ಮುಂಚಿನ ಉಸಿರೆಳೆದುಕೊಂಡು:
"ಅದು ಪ್ರಾಣಿ. ಆದರೆ ಗಿಡದ ಹಾಗೆ ಕೂತಿರುತ್ತೆ.
ಸಮುದ್ರದ ಅಡಿ. ಕಣ್ಣಿಲ್ಲ. ಮೈತುಂಬ ತೂತು.
ನೀರು ಕುಡಿಯುತ್ತೆ, ಹಿಂಡಿದರೆ ವಾಪಸ್ ಕೊಡುತ್ತೆ.
ಅಜ್ಜನ ಅಣ್ಣ ಅದಕ್ಕಾಗಿ ಕೆಳಗೆ ಹೋಗುತ್ತಾನೆ.
ಮೇಲೆ ಬರುತ್ತಾನೆ, ಬೇಗ ಬೇಗ. ಕಾಲು ಬರುವುದಿಲ್ಲ.
ಈ ಚಿತ್ರದ್ದು ಸುಳ್ಳು. ಪ್ಲಾಸ್ಟಿಕ್. ಹಳದಿ."

ಭೂತಕಾಲ ಬಳಸಿಲ್ಲ, ಅಂಕ ಕಳೆಯಬೇಕು.
ಅವರ ಊರಲ್ಲಿ ಹಬ್ಬದ ದಿನ ಗಂಡಸರು
ಆ ನಡುಗುವ ಕಾಲನ್ನೇ ಕುಣಿಯುತ್ತಾರೆ, ನೋಡಿದ್ದೇನೆ,
ಕೋಲೂರಿ, ಬಿದ್ದು, ಎದ್ದು; ಪಿಟೀಲು ನಿಲ್ಲುವುದಿಲ್ಲ.
ಆ ಮನೆಯಲ್ಲಿ ಅವನು ಇನ್ನೂ ಭೂತವಾಗಿಲ್ಲವೋ ಏನೋ,
ದಿನಾ ಕೆಳಗೆ ಹೋಗುತ್ತಾನೋ ಏನೋ.
ವ್ಯಾಕರಣಕ್ಕೆ ಮೂರು ಬರೆದೆ.
ಅಳಿಸಿ, ಮತ್ತೆ ಮೂರೇ ಬರೆದೆ.

ಮುಂದಿನ ಭಾಗ. ಊರು ಬಿಡುವ ಟೀಚರಿಗೆ ಏನು ಉಡುಗೊರೆ?
ಹಾಳೆಯಲ್ಲಿ ಲೋಟ, ಹೂಕುಂಡ, ಶಾಲು, ಪುಸ್ತಕ, ಚಾಕಲೇಟು.
ಇಬ್ಬರೂ ಮಾತಾಡಿ ಒಂದನ್ನು ಆರಿಸಬೇಕು.
ಇಸಿಡೋರೋಸ್ ಶಾಲು ಎಂದ, ಶಾಲು ಬೇಡ ಎಂದ.
ಇಸ್ತ್ರಿಯ ವಾಕ್ಯಗಳು ಮುಗಿದುಹೋಗಿದ್ದವು.
ಮೊದಲ ಸಲ ಅವಳ ಮುಖ ನೋಡಿ
"ನೀನು ಹೇಳಿದೆಯಲ್ಲ, ಆ ಪ್ರಾಣಿ,
ಅದನ್ನು ಕೊಡೋಣ. ನಿಜವಾದದ್ದು."
ಹಾಳೆಯಲ್ಲಿ ಅದಿಲ್ಲ.
ದೆಸ್ಪಿನಾಳ ಹುಬ್ಬು ನನ್ನ ಕಡೆ ಜಾರಿತು;
ನಾನು ನನ್ನ ಚಪ್ಪಲಿ ನೋಡಿಕೊಂಡೆ.
"ನಮ್ಮ ಮನೆಯಲ್ಲಿ ಒಂದಿದೆ" ಎಂದಳು ಥೆಮೆಲೀನಾ,
"ಹಳೆಯದು. ಅಜ್ಜಿ ಯಾರಿಗೂ ಕೊಡುವುದಿಲ್ಲ.
ಹೂಕುಂಡವೇ ಸರಿ."
ಒಡನಾಟ ಎಂಬ ಮನೆಯಲ್ಲಿ ಐದು.
ಇಬ್ಬರಿಗೂ.

ಸಂಜೆ ಬಂದರಿನಲ್ಲಿ ಮತ್ತೆ ಕಂಡಳು, ಜೊತೆಗೆ ತಾಯಿ.
ಪ್ರವಾಸಿಗರ ಅಂಗಡಿಯ ಬುಟ್ಟಿಯಲ್ಲಿ
ಒಣಗಿದ ಕಂದು ಮುದ್ದೆಗಳು, ಮೇಲೆ
ನಾಲ್ಕು ಭಾಷೆಯ ಫಲಕ.
ಹಣೆ ಚಚ್ಚಿಕೊಂಡಳು. ಅಕ್ಷರಕ್ಕೆ ಅಕ್ಷರ ಬೆರಳಿಟ್ಟು
ತನ್ನ ಊರಿನ ಬಾಯಲ್ಲಿ ಓದಿದಳು: ಸ್ಪೊಂ-ಗೆ.
ಹಾಗಲ್ಲ ಮಗೂ.
ಈಗ ಯಾವ ನಿಯಮವೂ ಇಲ್ಲ, ನನ್ನ ಬಾಯಿ ನನ್ನದು;
ಎರಡು ಹೆಜ್ಜೆ ಮುಂದೆ ಹೋದೆ.
ಹಡಗು ಕೂಗಿತು. ಉಪ್ಪು ಹತ್ತಿ ಬೆಳ್ಳಗಾದ ಆ ತೋಳನ್ನು
ತಾಯಿ ಹಿಡಿದೆಳೆದಳು.
ಸ್ಪೊಂಗೆ, ಸ್ಪೊಂಗೆ ಎನ್ನುತ್ತ
ಹಲಗೆ ಹತ್ತಿದಳು.